ಕಾರವಾರದಿಂದ ಭಟ್ಕಳಕ್ಕೆ ಸೈಕಲ್ಲಿನಲ್ಲಿ: ಹಳೆಯ ಇಗರ್ಜಿಗಳಿಗೆ ಹೆದ್ದಾರಿಯಲ್ಲಿ ಹೋಗಬೇಕೋ, ಒಳದಾರಿಯಲ್ಲೋ?

ಬಿಣಗಾ ಸವಾರ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರದಲ್ಲಿ ನಾನು, ನನ್ನ ತಂಗಿ ಮತ್ತು ಹುಬ್ಬಳ್ಳಿಯ ಒಬ್ಬ ಸ್ನೇಹಿತರು ಕಾರವಾರದಿಂದ ಭಟ್ಕಳದವರೆಗೆ ಸೈಕಲ್ಲಿನಲ್ಲಿ ಹೋಗಬೇಕೆಂದಿದ್ದೇವೆ. ಹೆದ್ದಾರಿ 66ರ ಲೆಕ್ಕದಲ್ಲಿ ದೂರ ಸುಮಾರು 130 ಕಿಲೋಮೀಟರ್. ಒಂದೇ ದಿನದಲ್ಲಿ ಮುಗಿಸಲೂಬಹುದು. ಆದರೆ ದಾರಿಯಲ್ಲಿ ಸಿಗುವ ಹಳೆಯ ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು, ಸಾವಕಾಶವಾಗಿ ನೋಡಬೇಕೆಂಬುದು ನಮ್ಮ ಆಸೆ. ಪೋರ್ಚುಗೀಸರು ಈ ಕರಾವಳಿಯನ್ನು ಆಳುತ್ತಿದ್ದಾಗ ಕಟ್ಟಿಸಿದ ಇಗರ್ಜಿಗಳು ಚಂದಾವರ, ಹೊನ್ನಾವರ, ಭಟ್ಕಳಗಳಲ್ಲಿವೆ ಎಂದು ಹಿರಿಯರಿಂದ ಕೇಳಿದ್ದೇನೆ.

ನನ್ನ ಚಿಂತೆಯೆಲ್ಲ ರಸ್ತೆಯದು. ಕಳೆದ ಜನವರಿಯಲ್ಲಿ ಅವರ್ಸಾ ದಾಟಿದ ಮೇಲೆ, ಕೆಲಸ ನಡೆಯುತ್ತಿದ್ದ ಜಾಗದಲ್ಲಿ ರಸ್ತೆಯ ಅಂಚಿಗೆ ಚೆಲ್ಲಿದ್ದ ಜಲ್ಲಿಯ ಮೇಲೆ ನನ್ನ ಮುಂದಿನ ಚಕ್ರ ಜಾರಿತು. ಹಿಂದೆ ಬರುತ್ತಿದ್ದ ಲಾರಿಯವರು ಸಕಾಲದಲ್ಲಿ ಬ್ರೇಕು ಹಾಕಿದ್ದರಿಂದ ಮೊಣಕೈ ತರಚಿದ್ದಷ್ಟೇ ಆಯಿತು. ಅಂದಿನಿಂದ ತಂಗಿಯನ್ನು ಹೆದ್ದಾರಿಗೆ ಕರೆದೊಯ್ಯಲು ಮನಸ್ಸು ಒಪ್ಪುತ್ತಿಲ್ಲ. ಹೆದ್ದಾರಿ ಬಿಟ್ಟು ಹೋಗುವ ದಾರಿ ಇದೆಯೇ? ಇದ್ದರೆ ಕಿರಿದಾದ ಟಯರಿನ ಸೈಕಲ್ಲಿಗೆ ಅದು ಆಗುತ್ತದೆಯೇ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಅಂಕೋಲೆಯ ಡಬಲ್ ಬೆಲ್:
ಬಿದ್ದ ನೋವು ಅರ್ಥವಾಗುತ್ತದೆ. ಆದರೂ ನನ್ನ ಮಾತು ಹೆದ್ದಾರಿಯ ಪರವಾಗಿಯೇ ಇದೆ. ಚತುಷ್ಪಥ ಮುಗಿದಿರುವ ಕಡೆಗಳಲ್ಲಿ ಎಡಗಡೆಯ ಅಂಚು ಅಗಲವಾಗಿದೆ, ಎದುರಿನಿಂದ ವಾಹನ ಬರುವುದಿಲ್ಲ, ಮುಂದೇನಿದೆ ಎನ್ನುವುದು ಇನ್ನೂರು ಮೀಟರ್ ದೂರದಿಂದಲೇ ಕಾಣುತ್ತದೆ. ಒಳದಾರಿ ಎಂದು ಎಲ್ಲರೂ ಹೊಗಳುವ ರಸ್ತೆಗಳಲ್ಲಿ ತಿರುವಿನ ಆಚೆ ಏನಿದೆ ಎಂಬುದು ಗೊತ್ತಾಗುವುದೇ ಇಲ್ಲ. ಬೆಳಿಗ್ಗೆ ಐದೂವರೆಗೆ ಹೊರಟು ಹತ್ತು ಗಂಟೆಯ ಒಳಗೆ ಕುಮಟಾ ಸೇರಿದರೆ ಲಾರಿಗಳ ಕಾಟವೂ ಕಡಿಮೆ. ಇಗರ್ಜಿ ನೋಡಬೇಕಾದ ಊರಿನಲ್ಲಿ ಹೆದ್ದಾರಿಯಿಂದ ಇಳಿದು, ನೋಡಿ, ಮತ್ತೆ ಹತ್ತಿದರೆ ಮುಗಿಯಿತು.

ತದಡಿ ದಡ:
ಡಬಲ್ ಬೆಲ್ ಅವರೇ, ಹೆದ್ದಾರಿಯಲ್ಲಿ ಹೋದವರಿಗೆ ಸಮುದ್ರ ಎಷ್ಟು ಹೊತ್ತು ಕಾಣುತ್ತದೆ ಹೇಳಿ. ಬಿಣಗಾದ ಆಸುಪಾಸಿನಲ್ಲಿ ಸ್ವಲ್ಪ, ಆಮೇಲೆ ಅಲ್ಲೊಂದು ಇಲ್ಲೊಂದು ತುಣುಕು. ಅಂಕೋಲೆ ದಾಟಿ ಹಿರೇಗುತ್ತಿ, ಮಿರ್ಜಾನ್ ಕಡೆಗೆ ಹೊರಳಿದ ಮೇಲೆ ರಸ್ತೆ ಕಡಲಿಗೆ ಬೆನ್ನು ಹಾಕಿಯೇ ಸಾಗುತ್ತದೆ.

ನಾನು ಮೂರು ಬಾರಿ ಹೋಗಿ ಬಂದ ದಾರಿ ಹೀಗಿದೆ. ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಗೋಕರ್ಣಕ್ಕೆ ಹೋಗಿ ರಾತ್ರಿ ಉಳಿಯುವುದು. ಮರುದಿನ ಬೆಳಿಗ್ಗೆ ತದಡಿಯ ಧಕ್ಕೆಗೆ ಬಂದು, ತಾರಿ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟುವುದು. ಆ ದೋಣಿಯಲ್ಲಿ ಬೈಕುಗಳೇ ದಾಟುವಾಗ ಸೈಕಲ್ಲಿಗೆ ಏನೂ ತೊಂದರೆಯಿಲ್ಲ. ಹಗುರ ಸೈಕಲ್ ಆದರೆ ಒಬ್ಬರೇ ಎತ್ತಿ ಹತ್ತಿಸಬಹುದು. ಹತ್ತಿಸುವಾಗ ಚೈನು ಇರುವ ಮಗ್ಗುಲು ದೋಣಿಯ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ನನ್ನ ಸೈಕಲ್ಲಿನ ಹಿಂದಿನ ಗೇರು ಅಲ್ಲಿಯೇ ಸೊಟ್ಟಗಾಗಿ, ಕುಮಟಾದವರೆಗೆ ಎರಡೇ ಗೇರಿನಲ್ಲಿ ತುಳಿದಿದ್ದೆ. ಆಚೆ ದಡದಿಂದ ಕಾಗಾಲ, ಹೊಲನಗದ್ದೆಯ ಮೇಲೆ ಕುಮಟಾ ಸೇರುತ್ತೀರಿ. ಉಬ್ಬರದ ಹೊತ್ತಿಗೆ ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ನೀರು ತುಂಬಿ ರಸ್ತೆಯ ಅಂಚಿನವರೆಗೆ ಬಂದು ನಿಂತಿರುತ್ತದೆ. ಇಳಿತದ ಹೊತ್ತಿಗೆ ಅದೇ ಜಾಗದಲ್ಲಿ ಕೆಸರು, ಕೆಸರಿನಲ್ಲಿ ಬೆಳ್ಳಕ್ಕಿಗಳು. ಅಲ್ಲಲ್ಲಿ ಡಾಂಬರು ಕಿತ್ತಿದೆ. 28 ಮಿಲಿಮೀಟರಿನ ಟಯರು ಸಾಕು, 23ರಲ್ಲಿ ಮಾತ್ರ ಹೋಗಬೇಡಿ.

ಹಳೆಗೋಡೆ:
ಮೂಲ ಬರಹದ ಒಂದು ಮಾತನ್ನು ತಿದ್ದಬೇಕಾಗಿದೆ, ಬಿಣಗಾ ಸವಾರರು ತಪ್ಪು ತಿಳಿಯಬಾರದು. "ಪೋರ್ಚುಗೀಸರು ಈ ಕರಾವಳಿಯನ್ನು ಆಳುತ್ತಿದ್ದಾಗ" ಎನ್ನುವುದು ಗೋವೆಯ ಮಟ್ಟಿಗೆ ಸರಿಯಾದ ಮಾತು, ನಮ್ಮ ಜಿಲ್ಲೆಗೆ ಹೊಂದುವ ಮಾತಲ್ಲ. ಇಲ್ಲಿ ಅವರ ಕೈಯಲ್ಲಿ ಇದ್ದದ್ದು ಕೆಲವು ಕೋಟೆಗಳು ಮತ್ತು ವ್ಯಾಪಾರದ ಕೋಠಿಗಳು ಮಾತ್ರ. ಹೊನ್ನಾವರದ ಕೋಟೆಯನ್ನು ಅವರು 1569ರಲ್ಲಿ ಹಿಡಿದರು. 1654ರಲ್ಲಿ ಕೆಳದಿಯ ಶಿವಪ್ಪನಾಯಕ ಅದನ್ನು ಅವರಿಂದ ಕಿತ್ತುಕೊಂಡ. ಚಂದಾವರ, ಮಿರ್ಜಾನ್, ಭಟ್ಕಳಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಅವರಿಗೆ ಅನುಮತಿ ಸಿಕ್ಕಿದ್ದು 1678ರ ಒಪ್ಪಂದದಲ್ಲಿ, ಅದನ್ನು ಕೊಟ್ಟದ್ದು ಕೆಳದಿಯ ಅರಸೊತ್ತಿಗೆ. ಗೋವೆಗೆ ಅಕ್ಕಿ ಹೋಗುತ್ತಿದ್ದದ್ದು ನಮ್ಮ ಬಂದರುಗಳಿಂದ. ಮೆಣಸು ಹಡಗು ಹತ್ತುತ್ತಿದ್ದದ್ದೂ ಇಲ್ಲಿಂದಲೇ. ಆ ವ್ಯಾಪಾರ ಎರಡೂ ಕಡೆಯವರಿಗೆ ಬೇಕಾಗಿತ್ತು. ಹೀಗಾಗಿ ಚಂದಾವರದ ಇಗರ್ಜಿಯನ್ನು ಕಂಡಾಗ ಪರದೇಶದವರ ಆಳ್ವಿಕೆಯೊಂದನ್ನೇ ನೆನೆಯುವುದು ಸರಿಯಾಗದು. ನಮ್ಮದೇ ಒಂದು ರಾಜ್ಯ ತನ್ನ ನೆಲದಲ್ಲಿ ಇನ್ನೊಂದು ಮತದವರ ಪ್ರಾರ್ಥನೆಗೆ ಜಾಗ ಮಾಡಿಕೊಟ್ಟದ್ದರ ಗುರುತೂ ಅದು.

ಇನ್ನೊಂದು ವಿಷಯ. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಅನೇಕ ಇಗರ್ಜಿಗಳು ನೆಲಸಮವಾದವು. 1799ರ ನಂತರ ಉಳಿದವರು ಮರಳಿ ಬಂದು ಮತ್ತೆ ಕಟ್ಟಿಕೊಂಡರು. ಆದ್ದರಿಂದ ಫಲಕದ ಮೇಲೆ ಹಳೆಯ ಇಸವಿ ಕಂಡರೆ ಅದು ಸ್ಥಾಪನೆಯ ವರ್ಷವೋ, ಈಗಿನ ಗೋಡೆಯ ವರ್ಷವೋ ಎಂದು ಅಲ್ಲಿಯವರನ್ನು ವಿಚಾರಿಸಿ.

ಬಿಣಗಾ ಸವಾರ:
ಹಳೆಗೋಡೆಯವರೇ, ತಿದ್ದಿದ್ದಕ್ಕೆ ಮನಃಪೂರ್ವಕ ಧನ್ಯವಾದ. ನಮ್ಮ ಮನೆಯಲ್ಲಿ ಸದಾಶಿವಗಡವನ್ನೂ ಪೋರ್ಚುಗೀಸರ ಕೋಟೆಯೆಂದೇ ಹೇಳುತ್ತಿದ್ದರು. ಅದೂ ತಪ್ಪೇ?

ಹಳೆಗೋಡೆ:
ಸದಾಶಿವಗಡವನ್ನು ಕಟ್ಟಿಸಿದವರು ಸೋಂದೆಯ ಅರಸರು. ಪೋರ್ಚುಗೀಸರು 1752ರಲ್ಲಿ ಗೆದ್ದುಕೊಂಡು ಎರಡೇ ವರ್ಷದಲ್ಲಿ ಸೋಂದೆಯವರಿಗೆ ಮರಳಿಸಿದರು. ನಿಮ್ಮ ಮನೆಯವರ ಮಾತಿನಲ್ಲಿ ಎರಡು ವರ್ಷದಷ್ಟು ಸತ್ಯವಿದೆ.

ಹುಬ್ಬಳ್ಳಿ ಬಯಲು:
ಮೂಲ ಬರಹದಲ್ಲಿ ಹೇಳಿರುವ ಹುಬ್ಬಳ್ಳಿಯ ಸ್ನೇಹಿತ ನಾನೇ. ಕಾರವಾರದ ಹತ್ತಿರದ ಅಂಜುದೀವ ದ್ವೀಪದಲ್ಲಿ ಬಹಳ ಹಳೆಯ ಇಗರ್ಜಿ ಇದೆ ಎಂದು ಓದಿದ್ದೆ. ಸೈಕಲ್ ದಡದಲ್ಲಿ ಬಿಟ್ಟು ದೋಣಿಯಲ್ಲಿ ಹೋಗಿ ಬರಬಹುದೇ?

ಮಾಜಾಳಿ ಗಡಿ:
ಹೋಗಲು ಸಾಧ್ಯವಿಲ್ಲ. ಅಂಜುದೀವ ಕಂದಾಯದ ಲೆಕ್ಕದಲ್ಲಿ ಗೋವೆಗೆ ಸೇರಿದ್ದು, ಇರುವುದು ನಮ್ಮ ಅರ್ಗಾದ ಎದುರಿಗೆ, ಕೈಯಲ್ಲಿಟ್ಟುಕೊಂಡಿರುವುದು ನೌಕಾಪಡೆ. ವಾಸ್ಕೋ ಡ ಗಾಮ 1498ರಲ್ಲಿ ಅಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ. ಊಟೆಗಳ, ಅಂದರೆ ನೀರಿನ ಒರತೆಗಳ, ಮಾತೆಗೆ ಮುಡಿಪಾದ ಇಗರ್ಜಿಗೆ ಹಿಂದೆಲ್ಲ ಹಬ್ಬದ ದಿನ ದೋಣಿಗಳಲ್ಲಿ ಜನ ಹೋಗುತ್ತಿದ್ದರು, ನೌಕಾನೆಲೆ ಬಂದ ಮೇಲೆ ಅದು ನಿಂತಿತು. ನನ್ನ ಅಜ್ಜಿ ಆ ಹಬ್ಬಕ್ಕೆ ಹೋಗಿ ಬಂದದ್ದನ್ನು ಹೇಳುವಾಗಲೆಲ್ಲ, ಸಮುದ್ರದ ನಡುವಿನ ಆ ದ್ವೀಪದಲ್ಲಿ ಸಿಹಿನೀರಿನ ಊಟೆ ಇತ್ತು ಎಂಬುದನ್ನೇ ಎರಡೆರಡು ಬಾರಿ ಹೇಳುತ್ತಿದ್ದಳು.

ಸೈಕಲ್ಲಿಗರಿಗೆ ಒಂದು ಎಚ್ಚರಿಕೆ: ಅರ್ಗಾದ ನೌಕಾನೆಲೆಯ ಗೇಟಿನ ಎದುರು ನಿಂತು ಫೋಟೋ ತೆಗೆಯಬೇಡಿ, ಹೆಲ್ಮೆಟ್ಟಿನ ಮೇಲೆ ಕ್ಯಾಮೆರಾ ಇದ್ದರೆ ಆ ಭಾಗದಲ್ಲಿ ಆರಿಸಿಡಿ.

ಶಿರಸಿಯ ಏರುದಾರಿ:
ನಿಮ್ಮ ದಾರಿಯಲ್ಲಿ ದೊಡ್ಡ ಘಟ್ಟ ಇಲ್ಲದಿದ್ದರೂ ಕರಾವಳಿಯ ರಸ್ತೆ ಸಪಾಟು ಎಂಬ ನಂಬಿಕೆಯಲ್ಲಿ ಹೊರಡಬೇಡಿ. ನಾವು ಘಟ್ಟದ ಮೇಲಿನವರು ಒಂದು ಏರನ್ನು ಒಂದೇ ಹದದಲ್ಲಿ ಮುಕ್ಕಾಲು ಗಂಟೆ ತುಳಿದು ರೂಢಿಯಾದವರು. ಕೆಳಗೆ ಹಾಗಲ್ಲ. ಒಂದು ಹೊಳೆ, ಒಂದು ಗುಡ್ಡ, ಮತ್ತೊಂದು ಹೊಳೆ, ಮತ್ತೊಂದು ಗುಡ್ಡ. ಪ್ರತಿಯೊಂದೂ ಚಿಕ್ಕದು, ಆದರೆ ಚಿರೆಕಲ್ಲಿನ ಗುಡ್ಡಕ್ಕೆ ನೇರವಾಗಿ ಏರಿಸಿದ ಊರಿನ ರಸ್ತೆಗಳು ಹೆದ್ದಾರಿಗಿಂತ ಬಹಳ ಕಡಿದು. ಗೇರಿನ ಚಿಕ್ಕ ಚಕ್ರಕ್ಕೆ ಮುಂದೆ 34 ಹಲ್ಲು, ದೊಡ್ಡ ಚಕ್ರಕ್ಕೆ ಹಿಂದೆ 32 ಹಲ್ಲು ಇದ್ದರೆ ತಂಗಿಯವರು ಇಳಿದು ತಳ್ಳುವ ಪ್ರಸಂಗ ಬರಲಾರದು.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ನಿಮ್ಮನ್ನು ಕೂಡಿಕೊಳ್ಳುವ ಆಸೆ ನನಗಿದೆ. ಆದರೆ ಆ ಘಟ್ಟದ ಅಗಲೀಕರಣದ ಕೆಲಸ ವರ್ಷಗಳಿಂದ ನಡೆದಿರುವುದರಿಂದ ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಎರಡು ವರ್ಷದ ಹಿಂದೆ ಅಲ್ಲಿ ಇಳಿಯುವಾಗ ನಾನು ಉದ್ದಕ್ಕೂ ಬ್ರೇಕು ಹಿಡಿದೇ ಇದ್ದೆ. ರಿಮ್ಮಿಗೆ ಒತ್ತುವ ಹಳೆಯ ಬಗೆಯ ಬ್ರೇಕು ಅದು. ನಾಲ್ಕನೆಯ ತಿರುವಿನಲ್ಲಿ ರಿಮ್ಮು ಕಾದು ಟ್ಯೂಬು ಪಟಾಕಿಯಂತೆ ಒಡೆಯಿತು. ಪಂಕ್ಚರ್ ಆಗಿರಬಹುದೆಂದು ಮುಟ್ಟಿ ನೋಡಿದರೆ ಬೆರಳು ಸುಟ್ಟಿತು. ಇಳಿಜಾರಿನಲ್ಲಿ ಬ್ರೇಕನ್ನು ಹಿಡಿದುಕೊಂಡೇ ಇರಬಾರದು, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಟ್ಟುಬಿಡಬೇಕು, ರಿಮ್ಮಿಗೆ ಆರಲು ಗಾಳಿ ಸಿಗಬೇಕು.

ಹೊನ್ನಾವರದ ಮನೆಮಗಳು:
ನಾನು ಹೊನ್ನಾವರದ ಇಗರ್ಜಿಯವಳು, ನನ್ನ ತಂದೆಯವರು ಅಲ್ಲಿಯ ಗಾಯನ ಮಂಡಳಿಯಲ್ಲಿ ನಲವತ್ತು ವರ್ಷ ಹಾಡಿದವರು. ಸೈಕಲ್ಲಿನಲ್ಲಿ ಬರುವವರ ಬಗ್ಗೆ ನಮಗೆ ಪ್ರೀತಿ ಇದೆ. ಆದರೆ ಕಳೆದ ವರ್ಷ ಒಂದು ಗುಂಪು ಭಾನುವಾರದ ಬೆಳಗಿನ ಪೂಜೆ ನಡೆಯುತ್ತಿದ್ದಾಗಲೇ ಸೈಕಲ್ಲುಗಳನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿ, ಒಳಗೆ ಬಂದು ಅಲ್ತಾರಿನ ಕಡೆಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡಿತು. ಆ ದಿನ ಒಬ್ಬರ ತಿಂಗಳ ಪೂಜೆ ಇತ್ತು. ತೀರಿಹೋದವರ ಹೆಂಡತಿ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಯಾರೂ ಏನೂ ಅನ್ನಲಿಲ್ಲ, ಆದರೆ ಎಲ್ಲರ ಮನಸ್ಸಿಗೂ ನೋವಾಯಿತು.

ಆದ್ದರಿಂದ ದಯವಿಟ್ಟು ಇಷ್ಟನ್ನು ಪಾಲಿಸಿ. ಪೂಜೆಯ ಹೊತ್ತಿನಲ್ಲಿ ಬಂದರೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ, ಇಲ್ಲವೇ ಮುಗಿಯುವವರೆಗೆ ಅಂಗಳದಲ್ಲಿ ಕಾಯಿರಿ. ಸೈಕಲ್ಲಿನ ಚಡ್ಡಿಯ ಮೇಲೆ ಒಂದು ಲುಂಗಿಯನ್ನೋ ಪ್ಯಾಂಟನ್ನೋ ಹಾಕಿಕೊಳ್ಳಿ, ಚೀಲದಲ್ಲಿ ಅದಕ್ಕೆ ಹೆಚ್ಚು ಜಾಗ ಬೇಡ. ಪೆಡಲಿಗೆ ಸಿಕ್ಕಿಸುವ ಕ್ಲೀಟಿನ ಬೂಟನ್ನು ಹೊರಗೇ ಬಿಡಿ. ಹಳೆಯ ನೆಲದ ಹಂಚಿನ ಮೇಲೆ ಅದು ಎಳೆಯುವ ಗೀರು ಎಷ್ಟು ಒರೆಸಿದರೂ ಹೋಗುವುದಿಲ್ಲ. ಅಂಗಳದ ಕುರುಸಿನ ಕಟ್ಟೆಗೆ ಸೈಕಲ್ ಒರಗಿಸಬೇಡಿ, ಅಲ್ಲಿ ಜನ ಮೇಣದ ಬತ್ತಿ ಹಚ್ಚಿ ಹರಕೆ ಹೇಳಿಕೊಳ್ಳುತ್ತಾರೆ. ಕರಗಿ ಹೆಪ್ಪುಗಟ್ಟಿದ ಮೇಣದ ಪದರಗಳನ್ನು ಬಗ್ಗಿ ನೋಡಿದರೆ ಎಷ್ಟು ಜನರ ಕಷ್ಟಸುಖ ಅಲ್ಲಿಗೆ ಬಂದಿದೆ ಎಂಬುದು ತಿಳಿಯುತ್ತದೆ.

ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಅವರು 1552ರಲ್ಲಿ ಆ ದಿನವೇ ಚೀನಾದ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು. ಚಂದಾವರದ ಇಗರ್ಜಿ ಅವರ ಹೆಸರಿನದು. ಅಲ್ಲಿಯ ಪೇಸ್ತಿಗೆ, ಅಂದರೆ ಹಬ್ಬಕ್ಕೆ, ಜಾತಿಮತ ನೋಡದೆ ಎಲ್ಲರೂ ಬರುತ್ತಾರೆ. ನೀವು ಮೊದಲ ವಾರ ಎಂದಿದ್ದೀರಿ. ಆ ದಿನಕ್ಕೆ ಸರಿಯಾಗಿ ಬಂದರೆ ಒಳ್ಳೆಯದು.

ಅಂಕೋಲೆಯ ಡಬಲ್ ಬೆಲ್:
ಅಕ್ಕಾ, ನೀವು ಹೇಳಿದ್ದನ್ನು ನಮ್ಮ ಗುಂಪಿನ ಎಲ್ಲರಿಗೂ ಕಳುಹಿಸಿದ್ದೇನೆ. ಆ ಭಾನುವಾರದ ಗುಂಪಿನಲ್ಲಿ ನಾವು ಇರಲಿಲ್ಲ, ಆದರೆ ಬೇರೊಂದು ಊರಿನಲ್ಲಿ ಬೂಟು ಹಾಕಿಕೊಂಡೇ ಒಳಗೆ ಹೋದವರಲ್ಲಿ ನಾನೂ ಒಬ್ಬ.

ರಸ್ತೆಯ ವಿಷಯದಲ್ಲಿ ಮಾತ್ರ ನಾನು ಒಪ್ಪಿಲ್ಲ. ಒಳದಾರಿಯಲ್ಲಿ ನಾಯಿಗಳ ಮಾತನ್ನು ಯಾರೂ ಎತ್ತಲಿಲ್ಲ. ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುವ ನಾಯಿಗಳಿಂದ ಬಿದ್ದವರನ್ನು ನಾನು ಜಲ್ಲಿಯಿಂದ ಬಿದ್ದವರಿಗಿಂತ ಹೆಚ್ಚು ಕಂಡಿದ್ದೇನೆ. ಎರಡು ಬಸ್ಸು ಎದುರಾದರೆ ಸೈಕಲ್ಲಿಗೆ ಚರಂಡಿಯೇ ಗತಿ.

ತದಡಿ ದಡ:
ನಾಯಿ ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಓಡುವುದನ್ನು ಅಟ್ಟುವುದು ಅದರ ಸ್ವಭಾವ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಲಾರಿ ಬಂದಾಗ ಇಂಥ ಉಪಾಯ ಇಲ್ಲ.

ಗಾಳಿ ಮತ್ತು ತುಕ್ಕು:
ದಿಕ್ಕಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಉತ್ತರದಿಂದ ದಕ್ಷಿಣಕ್ಕೆ, ಅಂದರೆ ಕಾರವಾರದಿಂದ ಭಟ್ಕಳಕ್ಕೆ ಹೋಗುವ ನಿಮ್ಮ ನಿರ್ಧಾರವೇ ಸರಿಯಾದದ್ದು. ಚಳಿಗಾಲದಲ್ಲಿ ಬೆಳಗಿನ ಜಾವ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ನೆಲ ಕಾದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಕಡಲಗಾಳಿ ಪಶ್ಚಿಮ ಮತ್ತು ವಾಯವ್ಯದಿಂದ ಏಳುತ್ತದೆ. ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ ಅದು ಒತ್ತಾಸೆಯಾಗುತ್ತದೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆಯ ಮೇಲೆ ಮಾತ್ರ ಅದು ಅಡ್ಡಗಾಳಿ. ಪಕ್ಕದಲ್ಲಿ ಕಾಣುವ ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರಿಗಿಂತ ಉದ್ದದ್ದು, ಆ ಮಾರ್ಗದಲ್ಲೇ ಅತಿ ಉದ್ದದ್ದು; ಅದರಿಂದ ಅಲ್ಲಿ ನದಿಯ ಅಗಲವನ್ನೂ ಗಾಳಿಯ ಬಲವನ್ನೂ ಊಹಿಸಬಹುದು. ಸೇತುವೆಗಳ ಕೀಲಿನ ಸಂದಿಗೆ ಚಕ್ರವನ್ನು ಓರೆಯಾಗಿ ಕೊಡಬೇಡಿ, ನೇರವಾಗಿ ದಾಟಿ.

ಎರಡನೆಯದು ತುಕ್ಕು. ಹುಬ್ಬಳ್ಳಿಯವರಿಗೆ ಇದರ ಅನುಭವ ಇರಲಾರದು. ಮೊದಲ ರಾತ್ರಿ ಗೋಕರ್ಣದಲ್ಲಿ ಸೈಕಲ್ಲನ್ನು ಹಾಗೆಯೇ ನಿಲ್ಲಿಸಿದರೆ ಬೆಳಿಗ್ಗೆ ಚೈನಿನ ಕೊಂಡಿಗಳ ಅಂಚಿನಲ್ಲಿ ಇಟ್ಟಿಗೆಪುಡಿಯಂಥ ಕೆಂಪು ಕಾಣಿಸುತ್ತದೆ. ಸಂಜೆ ಉಳಿಯುವ ಊರು ತಲುಪಿದ ಕೂಡಲೇ ಒಂದು ಚೊಂಬು ಸಿಹಿನೀರು ಸುರಿದು, ಹಳೆಯ ಬನಿಯನ್ನಿನಿಂದ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಮೇಲಿನ ಎಣ್ಣೆಯನ್ನು ಮತ್ತೆ ಒರೆಸಿಬಿಡಿ. ಮೇಲೆ ಉಳಿದ ಎಣ್ಣೆಗೆ ಮರಳು ಅಂಟಿಕೊಂಡು ಹಲ್ಲುಗಳನ್ನು ಅರದಂತೆ ತಿನ್ನುತ್ತದೆ.

ವನ್ನಳ್ಳಿ ತಿರುವು:
ಡಿಸೆಂಬರ್ ಬಿಟ್ಟು ಮಾರ್ಚಿನ ಕೊನೆಗೆ ಬಂದರೆ ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದು ರಸ್ತೆಬದಿಯಲ್ಲಿ ತೂಗುಹಾಕಿದ್ದು ಸಿಗುತ್ತದೆ. ಹ್ಯಾಂಡಲಿಗೆ ಒಂದು ಜಡೆ ಕಟ್ಟಿಕೊಂಡು ಹೋಗಬಹುದು.

ಶಿರಸಿಯ ಏರುದಾರಿ:
ಮಾರ್ಚಿನ ಸೆಕೆಯಲ್ಲಿ ಕುಮಟಾದ ಗುಡ್ಡ ಹತ್ತುವುದೆಂದರೆ ಘಟ್ಟದ ಮೇಲಿನವರ ಪ್ರಾಣ ಹೋದಂತೆಯೇ. ಡಿಸೆಂಬರೇ ಇರಲಿ.

ಗಂಗಾವಳಿ ತೀರ:
ಹೆದ್ದಾರಿಯಲ್ಲಿ ಬರುವವರಿಗೆ ನನ್ನದೊಂದು ಕೋರಿಕೆ ಇದೆ. ಶಿರೂರಿನ ಗುಡ್ಡ 2024ರ ಜುಲೈ 16ರಂದು ಕುಸಿದ ಜಾಗ ನಿಮ್ಮ ದಾರಿಯಲ್ಲಿಯೇ ಸಿಗುತ್ತದೆ. ಅಲ್ಲಿ ರಸ್ತೆಬದಿಯ ಚಹಾದಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಎಲ್ಲವೂ ಮಣ್ಣಿನೊಂದಿಗೆ ಗಂಗಾವಳಿಗೆ ಹೋದವು. ಮೂರೇ ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೆಯ ಸೇತುವೆಯೂ ಬಿತ್ತು. ಹೆದ್ದಾರಿ ಭದ್ರ ಎಂದು ಡಬಲ್ ಬೆಲ್ ಅವರು ಹೇಳುವಾಗ ನನಗೆ ಇವೆರಡೂ ನೆನಪಿಗೆ ಬರುತ್ತವೆ. ಗುಡ್ಡವನ್ನು ನೆಟ್ಟಗೆ ಕಡಿದ ಜಾಗಗಳಲ್ಲಿ, ಅಕಾಲಿಕ ಮಳೆ ಬಂದರಂತೂ, ಗೋಡೆಯ ಕೆಳಗೆ ನಿಂತು ನೀರು ಕುಡಿಯಬೇಡಿ, ಪಂಕ್ಚರ್ ಹಾಕಬೇಡಿ. ನೂರು ಮೀಟರ್ ಮುಂದೆ ತಳ್ಳಿಕೊಂಡು ಹೋಗಿ.

ಅಂಕೋಲೆಯ ಡಬಲ್ ಬೆಲ್:
ಗಂಗಾವಳಿ ತೀರದವರೇ, ಆ ದಿನ ಹುಡುಕಲು ಹೋದವರಲ್ಲಿ ನಮ್ಮ ಕೇರಿಯವರೂ ಇದ್ದರು. ನಿಮ್ಮ ಮಾತಿಗೆ ಎದುರು ಮಾತಿಲ್ಲ. ಸೈಕಲ್ಲಿಗರಿಗೆ ಎದುರಿನ ವಾಹನದ ಭಯ ಕಡಿಮೆ ಎಂಬಷ್ಟಕ್ಕೆ ನನ್ನ ವಾದವನ್ನು ಸೀಮಿತಗೊಳಿಸುತ್ತೇನೆ. ಕಾರವಾರದ ಸುರಂಗದೊಳಗೆ ಹೋಗುವುದಾದರೆ ಹಗಲಿನಲ್ಲಿಯೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಬಿಸಿಲಿನಿಂದ ಒಳಗೆ ಬಂದ ಚಾಲಕರ ಕಣ್ಣಿಗೆ ಮೊದಲ ಕೆಲವು ಕ್ಷಣ ಏನೂ ಕಾಣುವುದಿಲ್ಲ.

ಹಳೆಗೋಡೆ:
ಇಷ್ಟು ಹೊತ್ತು ಓದಿದ ಮೇಲೆ ಒಂದು ಮಾತು ಹೇಳಬೇಕೆನಿಸಿತು. ನಾವು ಮಾತಾಡಿದ ಇಗರ್ಜಿಗಳ ಊರುಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ನೋಡಿ. ಮಿರ್ಜಾನ್ ಅಘನಾಶಿನಿಯ ಹಿನ್ನೀರಿನಲ್ಲಿದೆ, ಹೊನ್ನಾವರ ಶರಾವತಿಯ ಅಳಿವೆಯಲ್ಲಿದೆ, ಭಟ್ಕಳವೂ ಹೊಳೆಬಾಯಿಯ ಊರೇ. ಪಾದ್ರಿಗಳು ಬಂದದ್ದೂ, ಅಕ್ಕಿ ಮೂಟೆ ಹೋದದ್ದೂ ದೋಣಿಯಲ್ಲಿ. ಈ ಇಗರ್ಜಿಗಳ ಜಾಗವನ್ನು ಆರಿಸಿದ್ದು ನೀರಿನ ದಾರಿ. ಆದ್ದರಿಂದ ಒಂದು ಹೊಳೆಯನ್ನಾದರೂ ಸೇತುವೆಯ ಮೇಲೆ ದಾಟದೆ ತಾರಿ ದೋಣಿಯಲ್ಲಿ ದಾಟಿ, ಆಮೇಲೆ ಚಂದಾವರಕ್ಕೆ ಹೋಗಿ. ತದಡಿ ದಡದವರ ದಾರಿಯೇ ನಿಮ್ಮ ಉದ್ದೇಶಕ್ಕೆ ಹೊಂದುವ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಣಗಾ ಸವಾರ:
ಎಲ್ಲರ ಮಾತನ್ನೂ ತಂಗಿಗೆ ಓದಿ ಹೇಳಿದೆ. ಮೂರು ದಿನದ ಲೆಕ್ಕ ಹಾಕಿದ್ದೇವೆ. ಡಿಸೆಂಬರ್ 2ರಂದು ನಸುಕಿನಲ್ಲಿ ಹೊರಟು, ಮಾದನಗೇರಿಯವರೆಗೆ ಹೆದ್ದಾರಿಯಲ್ಲಿ, ಅಲ್ಲಿಂದ ಗೋಕರ್ಣ. ಮೂರರ ಬೆಳಿಗ್ಗೆ ತದಡಿಯಲ್ಲಿ ದೋಣಿ ಹತ್ತಿ, ಕಾಗಾಲದ ಮೇಲೆ ಕುಮಟಾ ಸೇರಿ, ಸಿದ್ದಾಪುರ ರಸ್ತೆ ಹಿಡಿದು ಚಂದಾವರ; ರಾತ್ರಿ ಹೊನ್ನಾವರದಲ್ಲಿ. ನಾಲ್ಕರಂದು ಮಂಕಿ, ಮುರ್ಡೇಶ್ವರದ ಮೇಲೆ ಭಟ್ಕಳ. ವಾಪಸು ರೈಲಿನಲ್ಲಿ. ಲುಂಗಿ ಮೂರು ಜನಕ್ಕೆ ಮೂರು ಕಟ್ಟಿಕೊಂಡಿದ್ದೇವೆ. ಒಂದೇ ಪ್ರಶ್ನೆ ಉಳಿದಿದೆ: ಪೇಸ್ತಿನ ದಿನ ಚಂದಾವರದ ರಸ್ತೆಯಲ್ಲಿ ಸೈಕಲ್ ಬಿಡುತ್ತಾರೆಯೇ?

ಹೊನ್ನಾವರದ ಮನೆಮಗಳು:
ಬಿಡುತ್ತಾರೆ, ಆದರೆ ಹತ್ತಿ ಓಡಿಸಲು ಜಾಗ ಇರುವುದಿಲ್ಲ. ನಡೆದು ಬರುವವರು, ಮಕ್ಕಳು, ಅಂಗಡಿಗಳು ರಸ್ತೆಯವರೆಗೂ ಬಂದಿರುತ್ತವೆ. ಜನ ದಟ್ಟವಾದ ಕೂಡಲೇ ಇಳಿದು ತಳ್ಳಿಕೊಂಡು ಬನ್ನಿ, ಗಂಟೆ ಬಾರಿಸುತ್ತ ನುಗ್ಗಬೇಡಿ. ತಂದೆಯವರು ಈ ವರ್ಷವೂ ಹೋಗುತ್ತಾರೆ, ನಾನೂ ಇರುತ್ತೇನೆ.

ತದಡಿ ದಡ:
ಬೆಳಗಿನ ಮೊದಲ ದೋಣಿ ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ಸಂಜೆಯೇ ಧಕ್ಕೆಗೆ ಬಂದು ಕೇಳಿಟ್ಟುಕೊಳ್ಳಿ. ಚೈನಿನ ಮಗ್ಗುಲು ಒಳಕ್ಕೆ ಇರಲಿ, ಮರೆಯಬೇಡಿ.